‘ವಾಕಿಂಗ್ ಮಾಡಿದ್ರಾ?’ ಎಂದು ಕೇಳಿದರಷ್ಟೇ ಸಾಲದು

ಮಾನ್ಯರೇ,

ತೂಕ ಇಳಿಸಲು ಫೋನಿನಲ್ಲೇ ಮಾರ್ಗದರ್ಶನ ಕೊಡುವ ಕ್ರಮ ಒಳ್ಳೆಯದೇ. ಆದರೆ ಎಷ್ಟೋ ಕರೆಗಳು ‘ವಾಕಿಂಗ್ ಮಾಡಿದ್ರಾ?’, ‘ಹ್ಞೂಂ, ಮಾಡಿದೆ’ ಎಂಬಲ್ಲಿಗೆ ಮುಗಿದುಹೋಗುತ್ತವೆ. ಇದರಿಂದ ತೂಕ ಇಳಿಯದಿದ್ದರೆ ತಪ್ಪು ಫೋನಿನದಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 415 ಮಂದಿ ಬೊಜ್ಜಿನವರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಎರಡು ವರ್ಷದ ಕೊನೆಗೆ, ಮುಖಾಮುಖಿ ಭೇಟಿಯೂ ಇದ್ದವರು ಸರಾಸರಿ 5.1 ಕೆ.ಜಿ. ಇಳಿದಿದ್ದರು. ಫೋನ್, ಇ-ಮೇಲ್, ವೆಬ್‌ಸೈಟ್ ಮಾತ್ರ ನೆಚ್ಚಿಕೊಂಡವರು 4.6 ಕೆ.ಜಿ. ಇಳಿದಿದ್ದರು. ತಮ್ಮ ಪಾಡಿಗೆ ತಾವು ಪ್ರಯತ್ನಿಸಿದವರದು 0.8 ಕೆ.ಜಿ. ಅಷ್ಟೇ. ಅಲ್ಲಿ ಫೋನಿನವರಿಗೆ ಮೊದಲ ಮೂರು ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಕರೆ ಇತ್ತು.

ಫೋನಿನಲ್ಲಿ ತಟ್ಟೆ ಕಾಣುವುದಿಲ್ಲ. ಹಾಗಾಗಿ ಕರೆಗೆ ಮೊದಲೇ ಲೆಕ್ಕ ಬರೆದಿಟ್ಟಿರಬೇಕು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುನ್ನ ತೂಕ ನೋಡಬೇಕು. ಯಂತ್ರ ಗಟ್ಟಿ ನೆಲದ ಮೇಲಿರಲಿ, ಜಮಖಾನದ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ನೀರು, ಉಪ್ಪಿನಿಂದಲೇ ದಿನಕ್ಕೊಂದು ಕೆ.ಜಿ. ಹೆಚ್ಚುಕಡಿಮೆ ಆಗುವುದರಿಂದ ವಾರದ ಸರಾಸರಿಯನ್ನೇ ಹೋಲಿಸಬೇಕು. ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ಹೆಚ್ಚಿನ ಪಾಲು ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಮತ್ತು ಅದು ಹಿಡಿದಿಟ್ಟ ನೀರು. ಆಮೇಲೆ ವೇಗ ತಗ್ಗುತ್ತದೆ, ಜನ ಫೋನ್ ಎತ್ತುವುದನ್ನು ಬಿಡುವುದೂ ಆಗಲೇ. ಈ ಮಾತನ್ನು ಮೊದಲ ಕರೆಯಲ್ಲೇ ಹೇಳಿಬಿಡಬೇಕು.

‘ಎಣ್ಣೆ ಒಂದೇ ಚಮಚ ಹಾಕ್ತೀನಿ’ ಎಂದರೆ ಬರೆದುಕೊಂಡು ಮುಂದೆ ಹೋಗಬೇಡಿ. ಫೋನ್ ಇಡದೆ ಆ ಚಮಚವನ್ನು ತರಲು ಹೇಳಿ, ನೀರು ತುಂಬಿಸಿ, ಸಿರಪ್ ಬಾಟಲಿಯ ಜೊತೆ ಬರುವ ಗುರುತಿರುವ ಮುಚ್ಚಳಕ್ಕೆ ಸುರಿಸಿ. 5 ಮಿ.ಲೀ. ಎಣ್ಣೆಗೆ ಸುಮಾರು 40 ಕ್ಯಾಲರಿ, 15 ಮಿ.ಲೀ.ಗೆ 120. ಎರಡನ್ನೂ ಜನ ‘ಒಂದು ಚಮಚ’ ಎಂದೇ ಕರೆಯುತ್ತಾರೆ!

ಹೌದು–ಅಲ್ಲ ಎಂದು ಉತ್ತರಿಸಿ ಮುಗಿಸಬಹುದಾದ ಪ್ರಶ್ನೆ ಬೇಡ. ‘ಯಾವ ದಿನ ನಡೆಯೋಕೆ ಆಗಲಿಲ್ಲ? ಅವತ್ತು ಏನಾಯ್ತು?’ ಎಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ, ಬಹುತೇಕರು ಆ ಮೌನಕ್ಕೆ ಉಪದೇಶ ತುಂಬಿಬಿಡುತ್ತಾರೆ. ಕೊನೆಗೆ ಒಂದೇ ಕೆಲಸ ಒಪ್ಪಿಸಿ: ರಾತ್ರಿ ಊಟದ ನಂತರ 15 ನಿಮಿಷ, ವಾರಕ್ಕೆ ನಾಲ್ಕು ದಿನ. ‘ಇದು ಆಗುತ್ತದೆಂಬ ನಂಬಿಕೆಗೆ ಹತ್ತಕ್ಕೆ ಎಷ್ಟು ಅಂಕ?’ ಎಂದು ಕೇಳಿ. ಏಳಕ್ಕಿಂತ ಕಡಿಮೆ ಬಂದರೆ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿ, ಹುರಿದುಂಬಿಸಲು ಹೋಗಬೇಡಿ. ಮುಂದಿನ ಕರೆಯ ದಿನ, ಗಂಟೆ ಆಗಲೇ ಗೊತ್ತುಮಾಡಿಕೊಳ್ಳಿ. ಪ್ರತಿ ಸಲ ಹೊಸ ದನಿ ಕೇಳಿಸಿದರೆ ಹಿಂದಿನದನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ, ಹಾಗಾಗಿ ಮಾತನಾಡುವವರೂ ಬದಲಾಗದಿರಲಿ.

ಇನ್ನು ಮಾತ್ರೆಯ ವಿಷಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡೋಸ್ ಬದಲಿಸುವುದು ವೈದ್ಯರ ಕೆಲಸ, ಕರೆ ಮಾಡುವವರದಲ್ಲ. ಆದ್ದರಿಂದ ‘ತೂಕ ಎಷ್ಟು?’ ಎಂದು ಕೇಳುವ ಮೊದಲೇ ‘ಯಾವ ಮಾತ್ರೆ ತಗೋತೀರಿ?’ ಎಂದು ಕೇಳಬೇಕು.

– ಓರ್ವ ಆಹಾರ ತಜ್ಞೆ