ಕಳೆದ ವರ್ಷ ನೀನು ಕೇಳದೆ ಬಿಟ್ಟ ಆಲ್ಬಂಗಳು: ಅಳಿಯನಿಗೊಂದು ಪತ್ರ

ಮಂಗಳೂರು
12 ಜನವರಿ 2025

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಹೊಸ ವರ್ಷದ ದಿನ ನೀನು ಕಳುಹಿಸಿದ ಹಾಡನ್ನು ನಾಲ್ಕು ಬಾರಿ ಕೇಳಿದೆ. ಗಿಟಾರ್ ನಿನ್ನ ಕೈಗೆ ಒಲಿದಿದೆ. ನಡುವೆ ಲಯವನ್ನು ಕುಗ್ಗಿಸಿ ಮತ್ತೆ ಏರಿಸಿದ ಜಾಗ ನನಗೆ ತುಂಬಾ ಹಿಡಿಸಿತು. ಆದರೆ ಹಾಡಿನ ತುಂಬ ಹಿಮ. ಹಿಮದ ಕಾಡು, ಹಿಮದ ಮೇಲೆ ಹೆಪ್ಪುಗಟ್ಟಿದ ನೆತ್ತರು, ತೋಳಗಳು. ನೀನು ಉಳ್ಳಾಲದಲ್ಲಿ ಬೆಳೆದ ಹುಡುಗ. ಮಳೆಗಾಲದ ಕಡಲು ತೆಂಗಿನ ಮರಗಳನ್ನು ಬೇರುಸಹಿತ ಎಳೆದುಕೊಂಡು ಹೋಗುವುದನ್ನು ಕಣ್ಣಾರೆ ಕಂಡವನು. ಆ ಹಿಮ ನಿನಗೆ ಎಲ್ಲಿಂದ ಬಂತು?

ಬೈಯುವುದಕ್ಕೆ ಬರೆಯುತ್ತಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡಿದೆ. 2007ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿದವರಲ್ಲಿ ನಾನೂ ಒಬ್ಬ. ತಿರುಗಿ ಬಂದು ವರ್ಷವಿಡೀ ಬರೆದದ್ದೆಲ್ಲ ನಾನು ಕಾಣದ ಯುದ್ಧಗಳ ಹಾಡುಗಳು. ಅವುಗಳ ಒಂದು ಸಾಲೂ ಈಗ ನೆನಪಿಗೆ ಬರುವುದಿಲ್ಲ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ನಿನಗೆ ಹಾಗಾಗಬಾರದು. 2024ರಲ್ಲಿ ಬಂದ, ನಿಮ್ಮ ಹಾಸ್ಟೆಲಿನಲ್ಲಿ ಯಾರ ಬಾಯಲ್ಲೂ ಬಾರದ ಕೆಲವು ಆಲ್ಬಂಗಳನ್ನು ನೀನು ಕೇಳಬೇಕು.

ಮೊದಲನೆಯದು ಹಾಮ್‌ಫೆರ್ಡ್ ಎಂಬ ತಂಡದ ‘ಮೆನ್ ಗುಡ್ಸ್ ಹೊಂಡ್ ಎರ್ ಸ್ಟೆರ್ಕ್’. ‘ಆದರೆ ದೇವರ ಕೈ ಬಲವಾದುದು’ ಎಂದು ಅರ್ಥ. ತಂಡದವರು ನಾರ್ವೆ ಮತ್ತು ಐಸ್‌ಲ್ಯಾಂಡ್ ನಡುವಿನ ಫೆರೋ ದ್ವೀಪಗಳವರು. ಅಲ್ಲಿನ ಒಟ್ಟು ಜನಸಂಖ್ಯೆ ಸುಮಾರು 54 ಸಾವಿರ. ಹಾಡುವುದು ತಮ್ಮ ಫೆರೋ ಭಾಷೆಯಲ್ಲೇ. 1915ರಲ್ಲಿ ಅಲ್ಲಿನ ಸಾಂಡ್‌ವೀಕ್ ಎಂಬ ಹಳ್ಳಿಯ ಕಡಲಿನಲ್ಲಿ ತಿಮಿಂಗಿಲ ಬೇಟೆಗೆ ಹೋದ ದೋಣಿಗಳು ಮಗುಚಿ ಗಂಡಸರು ಮುಳುಗಿಹೋದ ದುರಂತವೇ ಇಡೀ ಆಲ್ಬಂನ ವಸ್ತು. ತಂಡದ ಹೆಸರೂ ಅದೇ ಲೋಕದ್ದು: ಕಡಲಿನಲ್ಲಿ ಕಾಣೆಯಾದವರು ಮನೆಯವರ ಕಣ್ಣಿಗೆ ಬಂದು ನಿಲ್ಲುತ್ತಾರೆ ಎಂಬ ನಂಬಿಕೆ ಆ ದ್ವೀಪಗಳಲ್ಲಿದೆ, ಹಾಗೆ ಕಾಣುವ ರೂಪಕ್ಕೆ ಆ ಹೆಸರು.

ನಾನು ಇದನ್ನು ಕೇಳಿದ್ದು ಜುಲೈಯಲ್ಲಿ, ಮೀನುಗಾರರ ದಕ್ಕೆಯಲ್ಲಿ. ಮಳೆಗಾಲದಲ್ಲಿ ಬೋಟುಗಳು ಮೀನು ಹಿಡಿಯಲು ಹೋಗಬಾರದೆಂಬ ಟ್ರಾಲಿಂಗ್ ನಿಷೇಧದ 61 ದಿನಗಳ ಕಾಲ, ಅವು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿದ್ದವು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಬೋಟು ನಡೆಸುವ ಹಳೆಯ ತಾಂಡೇಲರೊಬ್ಬರು ಹರಿದ ಬಲೆ ಸರಿಪಡಿಸುತ್ತ ಕುಳಿತಿದ್ದರು. ಏನು ಕೇಳುತ್ತಿದ್ದೀ ಎಂದರು. ಹೆಡ್‌ಫೋನ್ ತೆಗೆದು ಅವರ ಕಿವಿಗಿಟ್ಟೆ. ಬಹಳ ನಿಧಾನದ ಹಾಡು, ಗಿಟಾರುಗಳು ಎದೆಯ ಮೇಲೆ ಕಲ್ಲಿಟ್ಟಂತೆ ಇಳಿಯುತ್ತವೆ, ಗಾಯಕ ಒಮ್ಮೆ ಗರ್ಜಿಸಿ ಮರುಗಳಿಗೆಯಲ್ಲಿ ಪ್ರಾರ್ಥನೆಯಂತೆ ಹಾಡುತ್ತಾನೆ. ಅವರು ಬಲೆಯ ಸೂಜಿಯನ್ನು ಕೈಯಲ್ಲೇ ಹಿಡಿದು ಎರಡು ನಿಮಿಷ ಕೇಳಿದರು. ಆಮೇಲೆ ತುಳುವಿನಲ್ಲಿ ಕೇಳಿದರು, ‘ಯಾರು ತೀರಿಕೊಂಡದ್ದು?’

ಭಾಷೆ ಗೊತ್ತಿಲ್ಲದ ಮನುಷ್ಯನಿಗೆ ಆ ಹಾಡು ಅಷ್ಟನ್ನು ಹೇಳಿತು. ಅದನ್ನು ಮಾಡಿದವರು ತಮ್ಮ ಮನೆಯಂಗಳದ ಕಡಲನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಎರಡನೆಯದು ಆಫ್ರಿಕಾದ ನೈಜರ್ ದೇಶದ ಎಮ್ಡೂ ಮೊಕ್ತಾರ್ ಅವರ ‘ಫ್ಯೂನರಲ್ ಫಾರ್ ಜಸ್ಟಿಸ್’. ಮೇ ತಿಂಗಳಲ್ಲಿ ಬಂತು. ಸೈಕಲ್ಲಿನ ಕೇಬಲ್ಲುಗಳನ್ನೇ ತಂತಿ ಮಾಡಿ ಮೊದಲ ಗಿಟಾರನ್ನು ತಾವೇ ಕಟ್ಟಿಕೊಂಡ ಎಡಗೈ ವಾದಕ ಇವರು. ನಿನ್ನ ಲೀಡ್ ನುಡಿಸುವಿಕೆಯಲ್ಲಿ ಬೆರಳಿನ ವೇಗವಿದೆ, ಕೋಪ ಇಲ್ಲ. ಕೋಪ ಬೆರಳಿಗೆ ಹೇಗೆ ಇಳಿಯುತ್ತದೆ ಎಂದು ಇವರಲ್ಲಿ ನೋಡು. ಹಾಡುವುದು ತಮಾಶೆಕ್ ಭಾಷೆಯಲ್ಲಿ. ‘ಇಮೂಹಾರ್’ ಎಂಬ ಹಾಡಿನಲ್ಲಂತೂ ನಮ್ಮ ಭಾಷೆಯನ್ನು ಉಳಿಸಿಕೊಳ್ಳಿ ಎಂದು ತಮ್ಮ ತುವಾರೆಗ್ ಜನರನ್ನೇ ಕೇಳಿಕೊಳ್ಳುತ್ತಾರೆ. ನಮ್ಮ ತುಳುವನ್ನೇ ನೋಡು: 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಫೆರೋ ದ್ವೀಪಗಳ ಲೆಕ್ಕ ನೆನಪಿದೆಯಲ್ಲ?

ಹಾಗೆಂದು ಆತುರಪಟ್ಟು ತುಳುವಿನ ಕಥನಗೀತೆಯಾದ ಪಾಡ್ದನವನ್ನು ಎತ್ತಿಕೊಂಡು ಗಿಟಾರಿಗೆ ಅಂಟಿಸಬೇಡ. ಕ್ಯಾಲಿಫೋರ್ನಿಯಾದ ತ್ಸೊಂಪಾಂತ್ಲಿ ತಂಡ ‘ಬೀಟಿಂಗ್ ದ ಡ್ರಮ್ಸ್ ಆಫ್ ಆನ್ಸೆಸ್ಟ್ರಲ್ ಫೋರ್ಸ್’ ಆಲ್ಬಂನಲ್ಲಿ ಮೂಲನಿವಾಸಿಗಳ ಡೋಲು, ಕೊಳಲುಗಳನ್ನು ಬಳಸಿದೆ, ಕೇಳು. ಅಲ್ಲಿ ಆ ಪರಂಪರೆಯವರೇ ನುಡಿಸುತ್ತಿದ್ದಾರೆ. ಪಾಡ್ದನ ಅದನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದವರದು. ಅವರ ಮನೆಗೆ ಹೋಗಿ, ಕುಳಿತು, ಕೇಳಿ, ಒಪ್ಪಿಗೆ ಪಡೆಯದೆ ಅದರ ಒಂದು ಸಾಲನ್ನೂ ಮುಟ್ಟಬಾರದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಸ್ಟುಡಿಯೋಗೆ ಹಣವಿಲ್ಲ ಎಂದು ನೀನು ಬರೆದಿದ್ದೆ. ನ್ಯೂಜಿಲೆಂಡಿನ ಅಲ್ಸರೇಟ್ ತಂಡದಲ್ಲಿ ಇರುವುದು ಮೂರೇ ಜನ. ಜೂನ್‌ನಲ್ಲಿ ಬಂದ ‘ಕಟಿಂಗ್ ದ ಥ್ರೋಟ್ ಆಫ್ ಗಾಡ್’ ಆಲ್ಬಂನ ಡ್ರಮ್ಸ್ ನುಡಿಸಿದವರೇ ಅದರ ಧ್ವನಿ ಮಿಶ್ರಣವನ್ನೂ ಮಾಡಿದ್ದಾರೆ. ಏಳೇ ಹಾಡು, ಒಂದು ಗಂಟೆಯ ಹತ್ತಿರ. ಮೊದಲ ಸಲ ಬರೀ ಗದ್ದಲ ಎನಿಸಬಹುದು, ಬಿಡಬೇಡ. ಅಜ್ಜನ ಮಡಿಲಲ್ಲಿ ಕುಳಿತು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವನು ನೀನು. ಭಾಗವತರ ಪದ ಒಂದು ದಾರಿಯಲ್ಲಿ ಹೋಗುತ್ತಿದ್ದರೆ ಚೆಂಡೆ ಅದರ ಸುತ್ತ ತನ್ನದೇ ದಾರಿ ತುಳಿದು ಕೊನೆಗೆ ಸರಿಯಾದ ಪೆಟ್ಟಿಗೆ ಬಂದು ಸೇರುತ್ತದೆಯಲ್ಲ, ಆ ಕಿವಿಯಿಂದ ಇದರ ಡ್ರಮ್ಸ್ ಕೇಳು. ಮೊಬೈಲಿನ ಸ್ಪೀಕರಿನಲ್ಲಿ ಬೇಡ.

ಬೆಂಗಳೂರಿನ ಕ್ರಿಪ್ಟೋಸ್ ತಂಡದ ‘ಡೆಸಿಮೇಟರ್’ ಜುಲೈನಲ್ಲಿ ಬಂದದ್ದು ನಿನಗೆ ಗೊತ್ತೇ ಇರಲಿಲ್ಲ ಎಂದು ಕೇಳಿ ಬೇಸರವಾಯಿತು. ಅವರು ಹಾಡುವುದು ಇಂಗ್ಲಿಷಿನಲ್ಲಿ, ಶೈಲಿ ಎಂಬತ್ತರ ದಶಕದ ಹೆವಿ ಮೆಟಲ್. ನನ್ನ ಮಾತಿಗೆ ಇದು ಒಗ್ಗುವುದಿಲ್ಲ ಎಂದು ನೀನು ವಾದಿಸಬಹುದು, ವಾದಿಸು. ಆದರೆ 1998ರಲ್ಲಿ ಶುರುವಾದ ತಂಡ ಅದು. ಅಷ್ಟು ವರ್ಷ ಉಜ್ಜಿ ಉಜ್ಜಿ ಆ ಶೈಲಿಯನ್ನು ತಮ್ಮದಾಗಿಸಿಕೊಂಡು, 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಸಂಗೀತ ಉತ್ಸವದಲ್ಲೂ ನುಡಿಸಿ ಬಂದವರು. ಎರಡು ಗಿಟಾರುಗಳು ಜೊತೆಯಾಗಿ ಹಾಡುವ ಜಾಗಗಳನ್ನು ಗೆಳೆಯನೊಂದಿಗೆ ಕುಳಿತು ಕಲಿ. ಆಲ್ಬಂ ಹಿಡಿಸಿದರೆ ದುಡ್ಡು ಕೊಟ್ಟು ಕೊಂಡುಕೋ, ನಾನು ಕಳುಹಿಸುತ್ತೇನೆ.

ಮುಂದಿನ ಶನಿವಾರ ಮನೆಗೆ ಬಾ. ಅಕ್ಕ ಫೋನಿನಲ್ಲಿ ಒಂದು ವಿಷಯ ಹೇಳಿದಳು: ಕಳೆದ ಮಳೆಗಾಲದಲ್ಲಿ ನಿಮ್ಮ ಹಿತ್ತಿಲಿನ ದಾರಿ ಕಡಲಿಗೆ ಕೊಚ್ಚಿಹೋದ ರಾತ್ರಿ ನೀನು ಕೊಡೆ ಹಿಡಿದು ನಿಂತು ಅಲೆಯ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡೆಯಂತೆ. ಅಳಿಸಿರಬಾರದು ಎಂದು ದೇವರಲ್ಲಿ ಬೇಡುತ್ತಿದ್ದೇನೆ. ಬರುವಾಗ ಗಿಟಾರಿನ ಜೊತೆ ಅದನ್ನೂ ತಾ.

ಇತಿ,
ನಿನ್ನ ಮಾವ