ಆ ರಕ್ತಪರೀಕ್ಷೆ ಬಿಡಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

"ಡಾಕ್ಟರು ಪಿಎಲ್‌ಜಿಎಫ್ ಅಂತ ಇನ್ನೊಂದು ಟೆಸ್ಟ್ ಬರೆದಿದ್ದಾರೆ. ಬಿಪಿ ಸರಿಯಾಗೇ ಇದೆ, ಬೇಕಾ?" ಅಂತ ನಿನ್ನೆ ಕೇಳಿದೆ. ಬೇಕು ಕಣೇ. ಬಸಿರುನಂಜಿನ (ಪ್ರಿಎಕ್ಲಾಂಪ್ಸಿಯಾ) ಅಪಾಯವನ್ನು ಮೊದಲೇ ಅಂದಾಜಿಸುವ ಪರೀಕ್ಷೆ ಅದು.

ನೀನು ಹೊಟ್ಟೆಯಲ್ಲಿದ್ದಾಗ, ಎಂಟನೇ ತಿಂಗಳಿಗೆ ನಿನ್ನಮ್ಮನ ಮುಖ ಊದಿಕೊಂಡಿತು, ಕೈಬಳೆ ಕಳಚಲು ಬರದಂತಾಯಿತು. ಬಸುರಿಗೆ ಇದೆಲ್ಲ ಇದ್ದದ್ದೇ ಅಂದರು ಮನೆಯವರು. ನಾನಾಗ ನರ್ಸಿಂಗ್ ಕಲಿಯುತ್ತಿದ್ದೆ. ಅವಳ ಮೂತ್ರವನ್ನು ಟೆಸ್ಟ್ ಟ್ಯೂಬಿಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಮೇಲ್ಭಾಗ ಬೆಳ್ಳಗಾಗಿ, ಒಡೆದ ಹಾಲಿನಂತೆ ಗರಣೆ ಕಟ್ಟಿತು, ಅಂದರೆ ಮೂತ್ರದಲ್ಲಿ ಪ್ರೋಟೀನು ಇತ್ತು. ನನ್ನ ಕೈ ನಡುಗಿತು. ಬಿಪಿ ನೋಡಿದರೆ 170/110. ತಿಂಗಳು ತುಂಬುವ ಮೊದಲೇ ನಿನ್ನನ್ನು ಹೊರಗೆ ತೆಗೆಯಬೇಕಾಯಿತು. ಒಂದೂಮುಕ್ಕಾಲು ಕೆಜಿ ಇದ್ದೆ.

ಈ ಬಸಿರುನಂಜು ಕಾಣಿಸುವುದು ಕೊನೆಯ ತಿಂಗಳುಗಳಲ್ಲಿ, ಬೇರು ಬಿಡುವುದು ಬಹಳ ಮುಂಚೆ, ಮಾಸಿನಲ್ಲಿ (ಪ್ಲಾಸೆಂಟಾ). ಗರ್ಭಕೋಶದಿಂದ ಮಾಸಿಗೆ ರಕ್ತ ತರುವ ನಾಳಗಳು ಅಗಲವಾಗಬೇಕು. ಆಗದಿದ್ದರೆ, ಕಾಲುವೆ ಕಿರಿದಾಗಿ ಗದ್ದೆಗೆ ನೀರು ಸಾಲದ ಹಾಗೆ, ಮಾಸು ಸೊರಗುತ್ತದೆ. ಪಿಎಲ್‌ಜಿಎಫ್ ಎಂದರೆ ಮಾಸು ಬಿಡುವ, ರಕ್ತನಾಳ ಬೆಳೆಸುವ ಪ್ರೋಟೀನು. ಸೊರಗಿದ ಮಾಸಿನಲ್ಲಿ ಅದು ಕಡಿಮೆ. ಅದನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನು, ಎಸ್‌ಫ್ಲಿಟ್-1 ಮುಂದೆ ಏರುತ್ತದೆ. 2003ರಲ್ಲಿ ಬಾಸ್ಟನ್ನಿನ ಸಂಶೋಧಕ ಅನಂತ್ ಕರುಮಂಚಿಯವರ ತಂಡ ಬಸುರಿ ಇಲಿಗಳಲ್ಲಿ ಎಸ್‌ಫ್ಲಿಟ್-1 ಹೆಚ್ಚಿಸಿದಾಗ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನು ಬಂತು. ನಮ್ಮ ಟ್ಯೂಬಿನಲ್ಲಿ ಕಂಡದ್ದಕ್ಕೆ ಕಾರಣ ನನಗೆ ತಿಳಿದದ್ದು ಅದನ್ನು ಓದಿದಾಗ.

ಮೊದಲೇ ಗೊತ್ತಾದರೆ ಮಾಡುವುದಕ್ಕೂ ದಾರಿಯಿದೆ, ಅದೇ ನನಗೆ ಸಮಾಧಾನ. ಅಪಾಯ ಹೆಚ್ಚಿದ್ದವರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ, 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂತು. 37 ವಾರದೊಳಗೆ ನಂಜು ಕಾಣಿಸಿದ್ದು ಔಷಧಿಯಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 4.3, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇ. 1.6. ತಡವಾಗಿ ಶುರುಮಾಡಿದರೆ ಇಷ್ಟು ಗುಣ ಸಿಗದು. ಹಾಗಂತ ಡಾಕ್ಟರು ಹೇಳದೆ ನೀನಾಗಿ ನುಂಗಬೇಡ ಮಗಳೇ.

ರಕ್ತಪರೀಕ್ಷೆ ಒಂದರಿಂದಲೇ ತೀರ್ಮಾನವಿಲ್ಲ. ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಮನೆತನದ ಚರಿತ್ರೆ ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ರಿಪೋರ್ಟ್ ಚೆನ್ನಾಗಿ ಬಂದರೂ ಪ್ರತಿ ಸಲ ಬಿಪಿ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸು. ತಡೆಯಲಾರದ ತಲೆನೋವು, ಕಣ್ಣು ಮಂಜು, ಬಲಪಕ್ಕೆಯ ಕೆಳಗೆ ನೋವು ಬಂದರೆ ರಾತ್ರಿಯಾದರೂ ಹೊರಡು, ಬೆಳಗಾಗಲಿ ಅನ್ನಬೇಡ.

ನಿನಗೀಗ ಹನ್ನೆರಡನೇ ವಾರ. ಸೋಮವಾರವೇ ಹೋಗು. ಅಮ್ಮನಿಗೆ ಹೀಗಾಗಿತ್ತು ಅನ್ನುವುದನ್ನು ಡಾಕ್ಟರು ಕೇಳದಿದ್ದರೂ ನೀನೇ ಹೇಳು.

ಇಂತಿ,
ನಿನ್ನ ಚಿಕ್ಕಮ್ಮ