ಮಣಿಪುರದ ಶಿಬಿರಕ್ಕೆ ಹೊರಟ ಮಗಳಿಗೆ ಕಾಕಾನ ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಗಲಭೆಯಲ್ಲಿ ಮನೆ ಬಿಟ್ಟು ಬಂದವರಿರುವ ಚುರಾಚಾಂದಪುರದ ಶಿಬಿರಗಳಲ್ಲಿ ಕೆಲಸ ಮಾಡಲು ಹೊರಟಿದ್ದೀಯಂತೆ, ಗೆಳೆಯರು ಸೇರಿ ಲಾರಿ ತುಂಬ ಸಾಮಾನು ಕೂಡಿಸುತ್ತಿದ್ದೀರಂತೆ. ವೈನಿ ಹೇಳಿದರು. ಹೋಗಬೇಡ ಅನ್ನಲಿಕ್ಕೆ ಬರೆಯುತ್ತಿಲ್ಲ. ಲಾರಿಗೆ ಹಗ್ಗ ಬಿಗಿಯುವ ಮುಂಚೆ ಒಂದಿಷ್ಟು ಲೆಕ್ಕ ಹಾಕಿಸಬೇಕಂತ ಬರೆಯುತ್ತಿದ್ದೇನೆ.

ಮೊದಲು ಆ ತೊಗರಿಬೇಳೆಯ ಚೀಲಗಳು. ಜಿಐ ಗುರುತು, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಮಾನ್ಯತೆ, ಪಡೆದ ನಮ್ಮ ಕಲಬುರಗಿಯ ಬೇಳೆ, ನಮಗೆ ಅಭಿಮಾನ ಇದ್ದದ್ದೇ. ಆದರೆ ಕುಕ್ಕರ್ ಇಲ್ಲದ ಒಲೆಯ ಮೇಲೆ ತೊಗರಿ ಬೇಯಲು ಬಹಳ ಹೊತ್ತು ಬೇಕು, ಮಸೂರ ಬೇಳೆ ಅದರ ಅರ್ಧ ಹೊತ್ತಿಗೆ ಕರಗುತ್ತದೆ. ಆ ಹೆಚ್ಚಿನ ಹೊತ್ತಿಗೆ ಕಟ್ಟಿಗೆ ಬೇಕು; ಕಟ್ಟಿಗೆ ತರಲು ಹೆಂಗಸರು ಶಿಬಿರ ಬಿಟ್ಟು ಅಡವಿಗೆ ಹೋಗಬೇಕು, ಅಡವಿಯಲ್ಲಿ ಬಂದೂಕಿನವರಿರುತ್ತಾರೆ. ತೊಗರಿ ಇಳಿಸು, ಅದರ ಬದಲು ಮಸೂರ ಹಂಚು. ಅಳತೆ ಹೀಗಿದೆ: ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ. ಅಕ್ಕಿ 450 ಗ್ರಾಂ, ಬೇಳೆ 60, ಎಣ್ಣೆ 30 ಸೇರಿದರೆ ಸುಮಾರು ಅಷ್ಟಾಗುತ್ತದೆ, ಮೇಲೆ ಅಯೋಡಿನ್ ಉಪ್ಪು 5 ಗ್ರಾಂ. ಐದು ಮಂದಿಯ ಮನೆಗೆ ಹದಿನೈದು ದಿನಕ್ಕೆ ಅಕ್ಕಿ 33 ಕಿಲೋ 750 ಗ್ರಾಂ, ಬೇಳೆ ನಾಲ್ಕೂವರೆ ಕಿಲೋ. ಜೋಳ ಬೇಡ, ಅವರು ಅಕ್ಕಿ ಉಣ್ಣುವ ಮಂದಿ.

ಇನ್ನೊಂದು ಮಾತು, ನಿನಗೆ ಸಿಟ್ಟು ಬಂದರೂ ಸರಿ: ಈ ಅಕ್ಕಿ ಬೇಳೆಯನ್ನೆಲ್ಲ ಇಲ್ಲಿಂದ ಹೊರುವುದೇ ಬೇಡ. 2023ರ ಮೇ 3ರಂದು ಮೈತೇಯಿ, ಕುಕಿ ಸಮುದಾಯಗಳ ನಡುವೆ ಗಲಭೆ ಹೊತ್ತಿಕೊಂಡ ಮೇಲೆ ಕಣಿವೆಯ ಮೈತೇಯಿಗಳು ಗುಡ್ಡಕ್ಕೆ, ಗುಡ್ಡದ ಕುಕಿಗಳು ಕಣಿವೆಗೆ ಕಾಲಿಡುವುದು ಕಷ್ಟವಾಯಿತು. ಗುಡ್ಡದ ಚುರಾಚಾಂದಪುರಕ್ಕೆ ಕಣಿವೆಯ ಇಂಫಾಲದಿಂದ ಅರವತ್ತೇ ಕಿಲೋಮೀಟರಾದರೂ ಸಾಮಾನು ಮಿಜೋರಾಮಿನ ಐಜಾಲ್ ಸುತ್ತಿ ಬರಬೇಕಾಯಿತು. ಕಲಬುರಗಿಯಿಂದ ಅಷ್ಟು ದೂರ ಅಕ್ಕಿ ಒಯ್ದರೆ ಬಾಡಿಗೆಯೇ ಅಕ್ಕಿಯ ಬೆಲೆ ತಿನ್ನುತ್ತದೆ. ದುಡ್ಡು ಒಯ್ದು ಐಜಾಲ್ ಪೇಟೆಯಲ್ಲಿ ಕೊಂಡುಕೊಳ್ಳಿ. ಹಳೆ ಸೀರೆಗಳ ಗಂಟು ಮನೆಯಲ್ಲೇ ಇರಲಿ, ಅಲ್ಲಿ ಉಡುವ ರೀತಿ ಬೇರೆ. ಚಳಿಗಾಲದ ರಾತ್ರಿಗೆ ಹೊಸ ರಗ್ಗು ಆಗಬಹುದು.

ಹಾಲಿನ ಪುಡಿ, ಬಾಟಲಿ ಯಾರು ಪುಕ್ಕಟೆ ಕೊಟ್ಟರೂ ತಗೊಳ್ಳಬೇಡ. ಎದೆಹಾಲು ಕುಡಿಯುವ ಕೂಸಿಗೆ ಪುಡಿ ರೂಢಿಯಾದರೆ ತಾಯಿಯ ಹಾಲು ಇಳಿಯುತ್ತದೆ. ಪುಡಿ ಮುಗಿದ ದಿನ ಎರಡೂ ಇಲ್ಲ. ಅದರ ಮೇಲೆ ಕುದಿಸದ ನೀರು, ತೊಳೆಯದ ನಿಪ್ಪಲ್ಲು.

ಈಗ ನೀರು. ಶಿಬಿರದಲ್ಲಿ ಜೀವ ಹೋಗುವುದು ಹೆಚ್ಚಾಗಿ ಗುಂಡಿನಿಂದಲ್ಲ, ವಾಂತಿಭೇದಿ, ದಡಾರ, ನ್ಯುಮೋನಿಯಾಗಳಿಂದ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್, 250 ಮಂದಿಗೆ ಒಂದು ನಳ ಅಂತ ಕೈಪಿಡಿಗಳಲ್ಲಿ ಇರುತ್ತದೆ. ಅದನ್ನು ಕಣ್ಣು ಮುಚ್ಚಿ ಒಪ್ಪಬೇಡ. ನಳ ನಿಮಿಷಕ್ಕೆ ಏಳೂವರೆ ಲೀಟರ್ ಬಿಟ್ಟರೆ 250 ಮಂದಿಯ ನೀರು ತುಂಬಲು ಎಂಟು ತಾಸಿನ ಮೇಲೆ ಬೇಕು. ನೀರು ನಾಲ್ಕೇ ತಾಸು ಬರುವ ಕಡೆ ಎರಡು ನಳವೂ ಸಾಲವು. ಬಕೆಟ್ ಇಟ್ಟು, ಗಡಿಯಾರ ನೋಡಿ ನೀನೇ ಅಳೆ. ಪಾಳಿಯಲ್ಲಿ ಅರ್ಧ ತಾಸಿಗಿಂತ ಹೆಚ್ಚು ನಿಲ್ಲಬೇಕಾದರೆ ಮಂದಿ ಹಳ್ಳದ ನೀರಿಗೆ ಹೋಗುತ್ತಾರೆ.

ಕ್ಲೋರಿನ್ ವಿಷಯದಲ್ಲಿ ಕಣ್ಣಳತೆ ಬೇಡ. ತಾಜಾ ಬ್ಲೀಚಿಂಗ್ ಪೌಡರಿನಲ್ಲಿ ಮೂರರಲ್ಲೊಂದು ಪಾಲು ಕ್ಲೋರಿನ್ ಇರುತ್ತದೆ. 33 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಬಸಿದುಕೋ. ಇದು ಶೇಕಡಾ 1ರ ದ್ರಾವಣ. 20 ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಿಗೆ ಸಿರಿಂಜಿನಿಂದ 2, 4, 6, 8 ಮಿಲಿಲೀಟರ್ ಹಾಕಿ ಅರ್ಧ ತಾಸು ಬಿಡು. ಆಮೇಲೆ ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆಯಿಂದ ಒಂದೊಂದರಲ್ಲೂ ಉಳಿದ ಕ್ಲೋರಿನ್ ನೋಡು, ಲೀಟರಿಗೆ 0.5 ಮಿಲಿಗ್ರಾಂ ಹತ್ತಿರ ಉಳಿದ ಬಕೆಟ್ಟಿನ ಅಳತೆ ಹಿಡಿ. ಅದು 4 ಮಿಲಿಲೀಟರಿನ ಬಕೆಟ್ಟಾದರೆ ಸಾವಿರ ಲೀಟರಿನ ಸಿಂಟೆಕ್ಸಿಗೆ 200 ಮಿಲಿಲೀಟರ್. ಮಳೆ ಬಂದು ನೀರು ಕೆಂಪಾದ ದಿನ ಈ ಲೆಕ್ಕ ಕೆಡುತ್ತದೆ. ಕೆಸರೇ ಕ್ಲೋರಿನ್ ನುಂಗುತ್ತದೆ, ಮೊದಲು ಕೆಸರು ಇಳಿಸಿ ಮತ್ತೆ ನಾಲ್ಕು ಬಕೆಟ್ ಇಡು. ಪುಡಿಯ ಡಬ್ಬಿ ತಗಡಿನದಾಗಬಾರದು, ಬಿಸಿಲಿಗೂ ಇಡಬಾರದು, ಸತ್ವ ಹಾರಿಹೋಗುತ್ತದೆ. ನಳದಲ್ಲಿ ಪರೀಕ್ಷೆ ಮಾಡಿ ಸುಮ್ಮನಾಗಬೇಡ, ಕೋಣೆಯ ಮೂಲೆಯಲ್ಲಿಟ್ಟ ಕೊಡದಲ್ಲೂ ನೋಡು. ಅಲ್ಲಿ 0.2 ಇಲ್ಲವೆಂದರೆ ಕೊಡಕ್ಕೆ ಮುಚ್ಚಳವಿಲ್ಲ, ಇಲ್ಲವೇ ಯಾರೋ ಕೈ ಅದ್ದಿ ನೀರು ತೆಗೆಯುತ್ತಿದ್ದಾರೆ.

ಸಂಡಾಸ ಮೊದಲ ದಿನಗಳಲ್ಲಿ 50 ಮಂದಿಗೊಂದು, ಆಮೇಲೆ 20 ಮಂದಿಗೊಂದು. ಹೆಂಗಸರಿಗೆ ಮೂರಾದರೆ ಗಂಡಸರಿಗೆ ಒಂದು. ನಮ್ಮ ಎರೆ ನೆಲದ ರೂಢಿ ಅಲ್ಲಿ ನಡೆಯದು, ಅದು ಗುಡ್ಡದ ಇಳಿಜಾರು. ಝರಿ ಇದ್ದರೆ ಗುಂಡಿ ಅದರ ಕೆಳಬದಿಗೆ, 30 ಮೀಟರ್ ದೂರಕ್ಕೆ. ಶಿಬಿರ ಶಾಲೆಯಲ್ಲಿದ್ದರೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ವಾರಕ್ಕೊಮ್ಮೆ ತೆಗೆಸಿ ನೋಡು: ಹಗಲು ಬಂದು ಹೋಗುವ ಮಕ್ಕಳಿಗೆ ಕಟ್ಟಿದ್ದು ಹಗಲು ರಾತ್ರಿ ಇರುವವರಿಗೆ ಸಾಕಾಗದೆ ಬೇಗ ಉಕ್ಕುತ್ತದೆ. ಒಳಗಿನಿಂದ ಚಿಲಕ, ದಾರಿಗೊಂದು ದೀಪ ಇಲ್ಲದಿದ್ದರೆ ಹೆಂಗಸರು ಕತ್ತಲಾದ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಮಕ್ಕಳದು ಚಿಕ್ಕದಾಗಿ ಹೇಳುತ್ತೇನೆ, ನರ್ಸಮ್ಮನವರು ನಿನಗಿಂತ ಚೆನ್ನಾಗಿ ಬಲ್ಲರು. ಆರು ತಿಂಗಳಿಂದ ಹದಿನೈದು ವರ್ಷದವರೆಗೆ ದಡಾರದ ಲಸಿಕೆ, ಜೊತೆಗೆ ಚಿಕ್ಕವರಿಗೆ ವಿಟಮಿನ್ ಎ. ಒಂಬತ್ತು ತಿಂಗಳೊಳಗೆ ಹಾಕಿಸಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಹಾಕಿಸಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದೇ ದಿನ ಆಸ್ಪತ್ರೆಗೆ. ಭೇದಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ, ಭೇದಿ ನಿಂತರೂ ಹತ್ತು ದಿನದಿಂದ ಹದಿನಾಲ್ಕು ದಿನ.

ಜಗಳ ಬರುವುದು ಹಂಚುವಾಗ. 50 ಕಿಲೋ ಚೀಲ ಬಿಚ್ಚಿ ಡಬ್ಬಿಯಿಂದ ಅಳೆದು ಕೊಡುತ್ತಾರೆ. ಒಬ್ಬರು ಗೋಪುರ ಮಾಡಿ ತುಂಬುತ್ತಾರೆ, ಒಬ್ಬರು ಬಾಯಿ ಮಟ್ಟಕ್ಕೆ ಸವರುತ್ತಾರೆ. ಕೊನೆಯ ಮೂವತ್ತು ಮನೆಗೆ ಅಕ್ಕಿ ಇರುವುದಿಲ್ಲ. ಎಲ್ಲರ ಕೈಗೂ ಒಂದೇ ಡಬ್ಬಿ, ಒಂದು ಪಟ್ಟಿ ಕೋಲು ಕೊಡು. ಪಾಳಿಯ ಕೊನೆಯಲ್ಲಿ ಕಾಟಾ ಇಡು, ತಗೊಂಡವರೇ ತೂಗಿ ನೋಡಲಿ. ಯಾರಿಗೆ ಎಷ್ಟು, ಮತ್ತೆ ಇದೆಲ್ಲ ಪುಕ್ಕಟೆ ಅಂತ ಅವರ ಭಾಷೆಯಲ್ಲೇ ದೊಡ್ಡ ಹಲಗೆಗೆ ಬರೆಸು. ಹಲಗೆ ಇಲ್ಲದ ಕಡೆ ಚೀಟಿ ಕೊಡುವವನು ಹೆಣ್ಣುಮಕ್ಕಳ ಹತ್ತಿರ ಬೇರೆ ಬೆಲೆ ಕೇಳುತ್ತಾನೆ. ನಮ್ಮೂರ ಶರಣಬಸವೇಶ್ವರ ಅಪ್ಪನ ಗುಡಿಯ ದಾಸೋಹದಲ್ಲಿ ಕೂತವನಿಗೆ ನಾಚಿಕೆ ಇರುವುದಿಲ್ಲ. ಆದರೆ ಶಿಬಿರದ ಪಾಳಿಯಲ್ಲಿ ನಿಂತವರು ಮೊನ್ನೆಯ ತನಕ ಸ್ವಂತ ಗದ್ದೆ ಉತ್ತವರು, ಅಂಗಡಿ ಇಟ್ಟವರು. ಫೋಟೋ ತೆಗೆಯಬೇಡ, ತೆಗೆಯಲೂ ಬಿಡಬೇಡ.

ಹೆಸರಿನ ಪಟ್ಟಿ ಅಕ್ಕಿಗಿಂತ ಜೋಪಾನ. ಯಾವ ಹಳ್ಳಿಯವರು, ಯಾವ ಕೋಣೆಯಲ್ಲಿದ್ದಾರೆ ಅನ್ನುವ ಕಾಗದ ಬೇರೆಯವರ ಕೈ ಸೇರಿದರೆ ಅದು ಹುಡುಕಿ ಹೊಡೆಯುವವರ ಕೈಪಿಡಿ. ವಾಟ್ಸಾಪಿನಲ್ಲಿ ಕಳಿಸಲೇಬೇಡ. ಇನ್ನು ಈ ಗುಡ್ಡದಲ್ಲಿ ಕೇಳಿದ್ದನ್ನು ಆ ಕಣಿವೆಯಲ್ಲಿ ಹೇಳಬೇಡ. ಅಳಲು ತೋಡಿಕೊಂಡವರ ಮಾತು ಕೇಳು, ತಪ್ಪು ಯಾರದು ಅಂತ ಕೇಳಿದರೆ ನೀರಿನ ಟ್ಯಾಂಕಿನ ಮಾತೆತ್ತು. ಚೀಲದ ಮೇಲೆ ಯಾವ ನಾಯಕರ ಚಿತ್ರವೂ ಬೇಡ.

ಲಾರಿಯ ಹೊಸ ಪಟ್ಟಿ ಬರೆದು ಹೊರಡುವ ಮುಂಚೆ ನನಗೊಂದು ಕಳಿಸು. ಕ್ಲೋರಿನ್ ಪರೀಕ್ಷೆಯ ಪೆಟ್ಟಿಗೆ ಮತ್ತು ಸಿರಿಂಜು ಅದರಲ್ಲಿವೆಯೋ, ತೊಗರಿ ಇಳಿಸಿದ್ದೀರೋ ನೋಡುತ್ತೇನೆ.

ನಿನ್ನ
ಕಾಕಾ